ಒಂದನೇ ಜೂನಿನ ಸಂತಾನ

ನನ್ನ ತಲೆಯಲ್ಲಿ ಹೊಳೆದ ಯಾವ ವಿಚಾರದಿಂದಲೂ ಈ ಮನೆಗೆ ಈವರೆಗೆ ಒಳ್ಳೆಯದಾಗಿಲ್ಲ ಎಂದು ನನ್ನ ಹೆಂಡತಿ ಬಾಳವ್ವನ ಅಭಿಪ್ರಾಯ. ಆದರೂ ೧೯೫೪ರ ಬೇಸಿಗೆಯಲ್ಲಿ ಹುಬ್ಬಳ್ಳಿಯ ವಕೀಲರೊಬ್ಬರ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ನೋಡಿ ಬಂದ ನಾನು, ನಮ್ಮ ಮನೆತನಕ್ಕೂ ಅಷ್ಟು ನಾಗರಿಕತೆ ಹತ್ತಲಿ ಎಂದು ನಿಶ್ಚಯಿಸಿದೆ. ಅನುಕೂಲವೂ ಹಾಗೆಯೇ ಇತ್ತು. ನನ್ನ ಮಗ ಮಲ್ಲೇಶ, ಗಜೇಂದ್ರಗಡದ ನನ್ನ ತಂಗಿ ಶೇಖವ್ವನ ಮಗ ಗೋಣೆಪ್ಪ, ರೋಣದಲ್ಲಿರುವ ಹೆಂಡತಿಯ ಅಣ್ಣ ಹೂವಪ್ಪನವರ ಮಗಳು ಮಾಯವ್ವ, ಮೂವರದೂ ಜನ್ಮತಾರೀಖು ಒಂದನೇ ಜೂನ್. ಒಂದೇ ಒಲೆಯ ಮೇಲೆ ಮೂರು ಹಬ್ಬ.

ಬಾಳವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. “ಮಲ್ಲ್ಯಾ ಹುಟ್ಟಿದ್ದು ಸೀಗಿ ಹುಣ್ಣಿವಿ ಮರುದಿನರಿ. ಹಡದಾಕಿ ನಾನು. ಈ ಜೂನ ಎಲ್ಲಿಂದ ಬಂತು?”

ಸರಕಾರದ ರಜಿಸ್ಟರಿನಿಂದ ಬಂತು ಎಂದು ಗಂಭೀರವಾಗಿ ಹೇಳಿದೆ. (ರಜಿಸ್ಟರಿಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಊರ ಶಾಲೆಯ ಮಾಸ್ತರ. ಹೆಸರು ಹಚ್ಚಲು ಬಂದ ಮಗು ತಲೆಯ ಮೇಲಿಂದ ಬಲಗೈ ತಂದು ಎಡಗಿವಿ ಮುಟ್ಟಿದರೆ ಅದಕ್ಕೆ ಆರು ವರ್ಷ ತುಂಬಿತು. ತಾರೀಖು ಕೇಳಿದರೆ ತಂದೆ “ಎಳ್ಳಮಾಸಿ ಮುಂದ” ಎಂದು ತಲೆ ಕೆರೆಯುತ್ತಾನೆ. ಒಂದನೇ ಜೂನ್ ಎಂದು ಬರೆದು ನಾನು ಅವನ ತಲೆ ಕಾಯುತ್ತೇನೆ. ಇಂಥ ಪರೋಪಕಾರಿ ಮಾಸ್ತರರು ಎಲ್ಲ ಊರಲ್ಲೂ ಇದ್ದಾರೆ.)

ಆ ದಿನ ಬೆಳಿಗ್ಗೆ ಎರಡು ಚಕ್ಕಡಿ ತುಂಬ ಬಳಗ ಬಂದಿಳಿಯಿತು. ಹೂವಪ್ಪನವರು ಶಿಕ್ಷಣ ಖಾತೆಯ ಕಚೇರಿಯಲ್ಲಿ ಕಾರಕೂನರು, ನಮ್ಮ ರಜಿಸ್ಟರುಗಳನ್ನು ತಪಾಸಣೆ ಮಾಡುವ ಸಾಹೇಬರ ಬಲಗೈ. ಅವರು ಕೆಮ್ಮಿದರೂ ನನಗೆ ನೌಕರಿ ಹೋದಂತೆ ಕೇಳಿಸುತ್ತದೆ.

ಹಿರಿಯ ಮಗುವಿಗೆ ಮೊದಲು ಆರತಿ ಎಂದದ್ದೇ ತಡ, ಶೇಖವ್ವ ತನ್ನ ಗೋಣೆಪ್ಪನೇ ಹಿರಿಯ ಎಂದಳು. ಮಲ್ಲೇಶ ಓಡಾಡುವಾಗ ಗೋಣೆಪ್ಪ ತೊಟ್ಟಿಲಲ್ಲಿದ್ದ ಎಂದು ಬಾಳವ್ವ ನೆನಪಿಸಿದಳು. ಒಂದೇ ದಿನ ಹುಟ್ಟಿದವರಲ್ಲಿ ಹಿರಿಯ ಕಿರಿಯ ಎಲ್ಲಿ ಬಂತು ಎಂದು ನಾನು ತರ್ಕಶಾಸ್ತ್ರ ತೆಗೆದೆ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದ್ದರಿಂದ ಶಾಸ್ತ್ರ ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ. ನೋಡಿದರೆ ಕೈಯಲ್ಲಿ ತಾಟು ಹಿಡಿದು ನನ್ನ ಶಾಲೆಯೇ ನಿಂತಿದೆ, ನಲವತ್ತಮೂರು ಮಕ್ಕಳು. ಒಂದನೇ ಜೂನಿಗೆ ಹುಟ್ಟಿದವರಿಗೆ ನಮ್ಮಲ್ಲಿ ಹೋಳಿಗೆ ಎಂದು ಮಲ್ಲೇಶ ಓಣಿ ಓಣಿಗೆ ಸಾರಿ ಬಂದಿದ್ದನಂತೆ. ಸಾಹೇಬರು ಕೇಳಿದರೆ ತಟ್ಟನೆ ಹೇಳಲೆಂದು ಆ ತಾರೀಖನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದವನು ನಾನೇ. ಮುಂದೆ ನಿಂತಿದ್ದ ಮೋದಿನಸಾಬನ ಮಗಳು ಬಾನುಬಿ ತಾಟು ಮುಂದೆ ಮಾಡಿ, “ನಂದೂ ಇವತ್ತರಿ ಮಾಸ್ತರ, ನೀವ ಬರದೀರಿ” ಎಂದಳು.

ಹೂವಪ್ಪನವರು ಕನ್ನಡಕ ಏರಿಸಿದರು. “ಇಷ್ಟೂ ಹುಡುಗ್ರು ಖರೇನ ಇವತ್ತ ಹುಟ್ಟ್ಯಾರೇನ್ರಿ?”

ಇಲ್ಲವೆಂದರೆ ನೌಕರಿ ಹೋಗುತ್ತದೆ, ಹೌದೆಂದರೆ ಹೋಳಿಗೆ ಹೋಗುತ್ತದೆ. ನೌಕರಿ ಉಳಿಸಿಕೊಂಡೆ. “ಹೌದ್ರಿ. ನಮ್ಮೂರ ಹವಾನ ಹಂಗೈತಿ.”

ಹೋಳಿಗೆ ಮುಗಿದವು, ಕಟ್ಟಿನ ಸಾರು ಮುಗಿಯಿತು, ಮರುದಿನಕ್ಕೆಂದು ಇಟ್ಟ ರೊಟ್ಟಿಯೂ ಮುಗಿದವು. ಮೊದಲ ಆರತಿಯ ಜಗಳವೊಂದೇ ಮುಗಿಯಲಿಲ್ಲ. ಅದಕ್ಕೀಗ ನಲವತ್ತಾರು ಉಮೇದುವಾರರು.

ಚಕ್ಕಡಿ ಹತ್ತುವ ಮುಂಚೆ ಹೂವಪ್ಪನವರನ್ನು ಬದಿಗೆ ಕರೆದು, ಈ ಸಂಗತಿ ಸಾಹೇಬರ ಕಿವಿಗೆ ಬೀಳದಿರಲಿ ಎಂದು ಕೈಮುಗಿದೆ. ಅವರು ಹೊಟ್ಟೆ ಹಿಡಿದು ನಕ್ಕರು.

“ಇದ್ರಾಗ ಹೇಳೂದೇನೈತ್ರಿ? ಮಾಯವ್ವಂದು ನಾನ ಹಂಗ ಬರಸೇನಿ. ನಂದೂ ಒಂದನೇ ಜೂನ, ಸಾಹೇಬರದೂ ಅದ. ನಾ ಚ್ಯಾಷ್ಟಿಗಿ, ನಗಾಕಂತ ಕೇಳಿದ್ನಿ. ನೀವು ಹೌದ್ರಿ ಅಂದ್ರಿ, ಮಾಸ್ತರಿಗೆ ಮಂದೀಗ ಉಣಸೂ ಹುರುಪ ಐತಿ ಅಂತ ಸುಮ್ಮನಾದ್ನಿ.”

ಬಾಳವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅಂದು ನನ್ನ ತಾಟಿಗೆ ಬಿದ್ದದ್ದು ನೀರುಮಜ್ಜಿಗೆ, ಅದೂ ಉಪ್ಪಿಲ್ಲದ್ದು.

ಮರುವಾರ ಶಾಲೆ ಸುರುವಾಯಿತು. ಹೆಸರು ಹಚ್ಚಲು ಎಂದೂ ಇಲ್ಲದ ಸಾಲು. ಎಲ್ಲರಿಗಿಂತ ಮುಂದೆ ನಮ್ಮ ಓಣಿಯ ಲಾಡಸಾಬ, ಅವನ ಕೈ ಹಿಡಿದು ಸಣ್ಣ ಮಗಳು. ಇನ್ನು ಮೇಲೆ ಸರಿಯಾದ ತಾರೀಖನ್ನೇ ಬರೆಯಬೇಕೆಂದು ಪಣ ತೊಟ್ಟಿದ್ದ ನಾನು, ಹುಡುಗಿ ಖರೇ ಹುಟ್ಟಿದ್ದು ಯಾವ ದಿನ ಎಂದು ಗದರಿಸಿ ಕೇಳಿದೆ.

ಲಾಡಸಾಬ ವಿನಯದಿಂದ ಹೇಳಿದ: “ನಿಮ್ಮ ಮನ್ಯಾಗ ಹೋಳಿಗಿ ಮಾಡೂ ದಿನಾರಿ, ಮಾಸ್ತರ.”