ಮೀಟರು ತಿರುಗದ ಮನೆ

ಒಂದು ಗೋಡೆಗೂ ಗಾರೆ ಮೆತ್ತದವನು ಮನೆ ಕಟ್ಟುವ ಕತೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ತಿಳಿದವರು ತಪ್ಪು ಕಂಡರೆ ನಕ್ಕುಬಿಡಬೇಕು, ಬಯ್ಯಬಾರದು. ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ. ಅಲ್ಲಲ್ಲಿ ಒಂದಿಷ್ಟು ಸುಣ್ಣ ಬಳಿದಿದ್ದರೆ ಕ್ಷಮೆಯಿರಲಿ.

ಎಲ್ಲಕ್ಕೂ ಕಾರಣ ಒಂದು ಫ್ಯಾನು. ಕನ್ನಡಕದಂಗಡಿಯವನ ಬಾಡಿಗೆ ಮನೆಯಲ್ಲಿ ಅದು ಬೆಳ್ಳಂಬೆಳಗ್ಗೆ ಕೆಟ್ಟು ನಿಂತಿತು. ಅವನು ಬೆವರು ಒರೆಸಿಕೊಳ್ಳುತ್ತ, "ನಾವು ಕಟ್ಟೋ ಮನೇಲಿ ಫ್ಯಾನೇ ಬೇಡ. ಗೋಡೆನೇ ತಂಪಿರಬೇಕು, ಬೆಳಕು ತಾನಾಗೇ ಒಳಗೆ ಬರಬೇಕು" ಅಂದುಬಿಟ್ಟ.

"ಅದನ್ನ ನನ್ನ ತಮ್ಮನಿಗೆ ಹೇಳಿ. ನಾಳೆ ಪಾಯ ತೋಡೋಕೆ ಆಳು ಕರ್ಕೊಂಡು ಬರ್ತಾನೆ" ಅಂದಳು ಹೆಂಡತಿ.

ತೊಡಕು ಇದ್ದದ್ದೇ ಅಲ್ಲಿ. ಬಾಮೈದ ಊರಿಗೆಲ್ಲ ಗಾಜಿನ ಗೋಡೆ ನಿಲ್ಲಿಸುವ ಕಂಟ್ರಾಕ್ಟರು. ಅವನು ಕಟ್ಟಿದ ಬಟ್ಟೆಯಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಹೊಸ ಬಟ್ಟೆ ಕೊಳ್ಳುವುದನ್ನು ಮರೆತು, ತೊಟ್ಟದ್ದನ್ನೇ ಬಿಚ್ಚಿಹಾಕುವ ಯೋಚನೆ ಮಾಡುತ್ತಿದ್ದರು. ಆದರೆ ಬಾಮೈದನಿಗೆ ಬೇಡ ಅಂದರೆ ಹೆಂಡತಿಯ ತವರಿಗೇ ಬೇಡ ಅಂದಂತೆ. ಅಷ್ಟು ಧೈರ್ಯ ಅವನ ಜಾತಕದಲ್ಲೇ ಇರಲಿಲ್ಲ.

"ಬೇರೆ ಒಳ್ಳೆಯವರು ಯಾರಾದರೂ ಸಿಕ್ಕಿದ್ರೆ?" ಎಂದು ಮೆಲ್ಲಗೆ ಕೇಳಿದ.

"ದೀಪ ಹಚ್ಚೋ ಹೊತ್ತಿಗೆ ಕರ್ಕೊಂಡು ಬಂದು ನಿಲ್ಲಿಸಿ, ತಮ್ಮನಿಗೆ ನಾನೇ ಹೇಳ್ತೀನಿ. ಇಲ್ಲಾಂದ್ರೆ ಮನೆ ಮುಗಿಯೋವರೆಗೂ ನೀವು ಉಸಿರೆತ್ತಬಾರದು."

ಈ ಮಾತು ಪಕ್ಕದ ಮನೆಯ ಮೀಟರ್ ಮಾಮನ ಕಿವಿಗೆ ಬೀಳದೆ ಇದ್ದೀತೇ? ಮಾಮ ಕರೆಂಟಿನ ಮೀಟರ್ ಓದುತ್ತಲೇ ಕೂದಲು ಹಣ್ಣು ಮಾಡಿಕೊಂಡವರು. ನಿವೃತ್ತರಾದ ಮೇಲೂ ಯಾರ ಮನೆಗೆ ಹೋದರೂ ಮೊದಲು ಮೀಟರಿನ ಮುಖ, ಆಮೇಲೆ ಮನೆಯವರ ಮುಖ.

"ಕನ್ನಡಕದವರೇ, ಕಟ್ಟೋನ ಮಾತು ಕೇಳಬೇಡಿ. ಅವನು ಎಂಥ ಮನೇಲಿ ಮಲಗ್ತಾನೆ ಅಂತ ನೋಡಿ. ನಡೀರಿ, ನಾನಿದೀನಿ" ಎಂದು ಚಪ್ಪಲಿ ಮೆಟ್ಟಿದರು.

ಮೊದಲು ಹೋದದ್ದು ಮಣ್ಣಿನ ಗೋಡೆಗೆ ಹೆಸರಾದವರ ಮನೆಗೆ. ಬಾಗಿಲು ತಟ್ಟುವಷ್ಟರಲ್ಲಿ ತಲೆಯ ಮೇಲೆ ತಣ್ಣನೆಯ ಹನಿ ಬಿತ್ತು. ತಲೆಯೆತ್ತಿದರೆ ಗೋಡೆಯ ಉದ್ದಕ್ಕೂ ಎಸಿ ಪೆಟ್ಟಿಗೆಗಳು ಪಾರಿವಾಳದ ಗೂಡುಗಳಂತೆ ಸಾಲಾಗಿ ಕೂತು ನೀರು ತೊಟ್ಟಿಕ್ಕುತ್ತಿದ್ದವು.

"ಮಣ್ಣು ಗಿರಾಕಿಗಳಿಗೆ ಸಾರ್. ನಮ್ಮನೆಯವರಿಗೆ ಧೂಳು ಆಗಲ್ಲ" ಅಂದರು ಅವರು.

ಅಷ್ಟರಲ್ಲಿ ಮಾಮ ಹಿತ್ತಲಿಗೆ ಹೋಗಿ ಬಂದಿದ್ದರು. "ಮೀಟರು ಬುಗುರಿ ತಿರುಗಿದ ಹಾಗೆ ತಿರುಗ್ತಿದೆ. ನಡೀರಿ ನಡೀರಿ."

ಎರಡನೆಯವನು ಮಾತ್ರ ನುಡಿದಂತೆ ನಡೆಯುವವನು. ಸೆಕೆ ಒಳಗೆ ನುಗ್ಗಬಾರದೆಂದು ಮನೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಒಳಗಿನ ದೀಪಗಳು ಮನುಷ್ಯರು ಅಲುಗಾಡಿದರೆ ಉರಿಯುತ್ತಿದ್ದವು, ಸುಮ್ಮನಿದ್ದರೆ ಆರುತ್ತಿದ್ದವು. ಹೀಗಾಗಿ ಮನೆಮಂದಿಯೆಲ್ಲ ನೊಣ ಓಡಿಸುವವರಂತೆ ಸದಾ ಕೈ ಬೀಸುತ್ತಲೇ ಮಾತಾಡುತ್ತಿದ್ದರು. ಮನೆಯಾಕೆ ನೀರು ತಂದುಕೊಟ್ಟದ್ದೂ ಕೈ ಬೀಸುತ್ತಲೇ. ಅರ್ಧ ಲೋಟ ಮಾಮನ ಮಡಿಲು ಸೇರಿತು.

ನಮ್ಮವನು ಸಭ್ಯಸ್ಥ. ಪರರ ಮನೆಯಲ್ಲಿ ಕೈ ಕಟ್ಟಿ ಕೂರಬೇಕೆಂದು ಹಿರಿಯರು ಕಲಿಸಿದ್ದರು. ಮನೆಯವರು ದಣಿದು ಒಂದು ಗಳಿಗೆ ಕೈ ಇಳಿಸಿದ್ದೇ ತಡ, ಗವ್ವೆನ್ನುವ ಕತ್ತಲು. ಗಾಬರಿಯಾಗಿ ಎದ್ದು ಒಂದು ಹೆಜ್ಜೆ ಇಟ್ಟ. ಅದು ನೇರವಾಗಿ ನಡುಮನೆಯಲ್ಲೇ ತೋಡಿದ್ದ ಮಳೆನೀರಿನ ತೊಟ್ಟಿಯೊಳಗೆ ಹೋಯಿತು. ಅದರ ಬೆನ್ನಹಿಂದೆಯೇ ಅವನೂ ಹೋದ. ಒಳಗೆ ಅವನು ಕೈಕಾಲು ಬಡಿಯುತ್ತಿದ್ದಂತೆ ಮನೆಯ ಎಲ್ಲ ದೀಪಗಳೂ ಝಗ್ಗನೆ ಹೊತ್ತಿಕೊಂಡವು.

"ನೋಡಿದ್ರಾ, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ" ಎಂದ ಕಟ್ಟಿದವನು, ಹೆಮ್ಮೆಯಿಂದ.

ಮೇಲೆತ್ತಿದಾಗ ಜೇಬಿನ ಮೊಬೈಲು ಸತ್ತಿತ್ತು. ಹೊತ್ತು ಇಳಿಯುತ್ತಿತ್ತು. ಪಚಕ್ ಪಚಕ್ ಎನ್ನುವ ಚಪ್ಪಲಿಯಲ್ಲಿ ಹಿಂದಿನ ಓಣಿ ಹಿಡಿದು ಬರುವಾಗ ಕಾಲು ಸೋತು, ಯಾರದೋ ಮನೆಯ ಜಗುಲಿಯ ಮೇಲೆ ಕುಸಿದು ಕೂತ. ಗೋಡೆಗೆ ಬೆನ್ನು ಕೊಟ್ಟರೆ ಹೂಜಿಗೆ ಒರಗಿದಷ್ಟು ತಂಪು. ಒಳಗೆ ಇಣುಕಿದ. ಮೂಲೆಮೂಲೆಗೂ ಬೆಳಕು. ಚಾವಣಿಯಲ್ಲಿ ಫ್ಯಾನಿನ ಕೊಕ್ಕೆಯೂ ಇಲ್ಲ.

ಮಾಮ ಮೀಟರಿನ ಮುಂದೆ ಗರ ಬಡಿದವರಂತೆ ನಿಂತಿದ್ದರು. "ಈ ಮನೆನಾ! ತಿರುಗಲ್ಲ ಅಂತ ನಾನೇ ಎರಡು ಸಲ ಮೀಟರು ಬದಲಾಯಿಸಿದ್ದೆ. ಮೀಟರು ಕೆಟ್ಟಿರಲಿಲ್ಲ ಹಾಗಾದ್ರೆ."

ಒಳಗಿನಿಂದ ಅಜ್ಜಿಯೊಬ್ಬಳು ಬಂದಳು. ಕಟ್ಟಿದವರು ಯಾರು ಎಂದರೆ, "ಯಾರೋ ಹುಡುಗ ಕಣಪ್ಪಾ. ಪೆನ್ಸಿಲನ್ನ ಕಿವಿ ಮೇಲೆ ಇಟ್ಕೊಂಡು ಊರೆಲ್ಲ ಹುಡುಕೋನು. ಸೋರಿದ್ರೆ ಕರೀರಿ ಅಂತ ಬಾಗಿಲ ಹಿಂದೆ ನಂಬರು ಬರೆದು ಹೋದ. ಸೋರಲೂ ಇಲ್ಲ, ಕರೆಯಲೂ ಇಲ್ಲ" ಅಂದಳು.

ಆ ನಂಬರಿಗೆ ಅಜ್ಜಿಯ ಫೋನಿನಿಂದಲೇ ಕರೆ ಮಾಡಿದ. ಹಳೆಯ ಫೋನು, ಚರಪರ ಎನ್ನುತ್ತಿತ್ತು. ಆ ಕಡೆಯವರು ಬಾಯಿ ತುಂಬ ಏನೋ ತುಂಬಿಕೊಂಡು "ಹಲೋ" ಎಂದರು. ನಮ್ಮವನಿಗೆ ಅಣೆಕಟ್ಟು ಒಡೆದ ಹಾಗಾಯಿತು.

"ಸಾರ್, ನಿಮ್ಮಂಥವರು ಈ ಊರಲ್ಲಿದೀರಿ ಅಂತ ಗೊತ್ತೇ ಇರಲಿಲ್ಲ. ನನ್ನ ಬಾಮೈದ ಒಬ್ಬ ಇದಾನೆ. ಮನೆ ಕಟ್ಟು ಅಂದ್ರೆ ಒಲೆ ಕಟ್ಟೋ ಕತ್ತೆ. ನಾಳೆ ಪಾಯ ತೋಡ್ತಾನಂತೆ. ಹೇಗಾದರೂ ಮಾಡಿ ಅವನಿಂದ ನನ್ನ ಪಾರು ಮಾಡಿ. ಈಗಲೇ ನಮ್ಮನೆಗೆ ಬನ್ನಿ ಸಾರ್, ಬಟ್ಟೆ ಇಸ್ತ್ರಿ ಅಂಗಡಿ ಮಗ್ಗುಲಿನ ಮನೆ."

ಆ ಕಡೆ ಅಗಿಯುವುದು ನಿಂತಿತು.

"ಭಾವ," ಎಂದಿತು ದನಿ. "ನಾನು ಅಲ್ಲೇ ಇದೀನಿ. ಅಕ್ಕ ಬಡಿಸ್ತಿದಾಳೆ."

ದೀಪ ಹಚ್ಚುವ ಹೊತ್ತಿಗೆ ನಮ್ಮವನು ಮನೆಯ ಹೊಸ್ತಿಲಲ್ಲಿ, ಮಾಮನ ಬೆನ್ನ ಮರೆಯಲ್ಲಿ ನಿಂತಿದ್ದ. ಹೆಂಡತಿ ಒಮ್ಮೆ ಅವನ ಒದ್ದೆ ಪಂಚೆ ನೋಡಿದಳು, ಒಮ್ಮೆ ಮುಖ ನೋಡಿದಳು. "ಊರಿಗೆಲ್ಲ ಕನ್ನಡಕ ಕೊಡ್ತೀರಿ" ಅಂದಳು, ಅಷ್ಟೆ. ಸೆರಗಿನೊಳಗೆ ನಗುತ್ತಿದ್ದಳು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಸರಿದಂತಾಗಿ ಅವನು ನೆಲಕ್ಕೆ ಕೂತ.

ಬಾಮೈದನಿಗೆ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ಆ ಮನೆ ಯಾಕೆ ನೋಡೋಕೆ ಹೋದ್ರಿ ಭಾವ? ಅದು ನನ್ನ ಮೊದಲನೇ ಕೆಲಸ, ಮೈಯೆಲ್ಲ ತಪ್ಪು. ಕರೆಂಟು ಬರೋದು ತಡ ಆಯ್ತು ಅಂತ ಸಿಕ್ಕಸಿಕ್ಕಲ್ಲಿ ಕಿಟಕಿ ಇಟ್ಟೆ. ಗೋಡೆ ವಾಲಿತು, ಮುಚ್ಚೋಕೆ ಅದರ ಮುಂದೆ ಇನ್ನೊಂದು ಗೋಡೆ ಎಬ್ಬಿಸಿದೆ, ನಡುವೆ ಪೊಳ್ಳು ಉಳೀತು. ಫ್ಯಾನಿನ ಕೊಕ್ಕೆ ಮರೆತೇಬಿಟ್ಟೆ. ಈಗ ಕೆಲಸ ಕಲ್ತಿದೀನಿ. ನಿಮ್ಮ ಮನೇಲಿ ಅಂಥ ಒಂದು ತಪ್ಪೂ ಆಗಲ್ಲ."

"ಅಯ್ಯೋ ಹಾಗನ್ನಬೇಡಪ್ಪ," ನಮ್ಮವನು ಅವನ ಎರಡೂ ಕೈ ಹಿಡಿದುಕೊಂಡ. "ಎಲ್ಲ ತಪ್ಪೂ ಮಾಡು. ಒಂದನ್ನೂ ಬಿಡಬೇಡ."

"ಆಮೇಲೆ ಬಯ್ಯಬಾರದು."

"ಬಯ್ಯಲ್ಲ."

"ಗೋಡೆ ಹೇಗೆ ವಾಲಿತು ಅಂತ ನೆನಪಿಲ್ಲ ಭಾವ."

"ನೆನಪು ಮಾಡ್ಕೋ."

ಬೆಳಗ್ಗೆ ಯಾವ ಕಂಟ್ರಾಕ್ಟರನಿಂದ ತಪ್ಪಿಸಿಕೊಂಡು ಓಡಿದ್ದನೋ, ರಾತ್ರಿ ಅವನ ಪಕ್ಕದಲ್ಲೇ ಕೂತು ಉಂಡು, ಫ್ಯಾನಿಲ್ಲದೆಯೂ ಒಳ್ಳೆಯ ನಿದ್ದೆ ಮಾಡಿದ. ಮರುದಿನ ಪಾಯ ತೋಡಿದರು.

ಗೋಡೆ ಈಗ ಮೊಳಕಾಲುದ್ದ ಎದ್ದಿದೆ. ಬಾಮೈದ ಅದನ್ನು ಬೇಕೆಂದೇ ವಾಲಿಸಲು ನೋಡುತ್ತಾನೆ. ಕೈ ಪಳಗಿಹೋಗಿದೆ, ನೆಟ್ಟಗೇ ಏಳುತ್ತದೆ. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಗೊತ್ತಿದ್ದು ಮಾಡಲು ಸಾಧ್ಯವೇ, ಆ ಮನೆ ತಂಪಾದೀತೇ? ನನಗೆ ಗೊತ್ತಿಲ್ಲ.