ಚಾರ್ಜ್‌ಶೀಟಿನ ಇಂಗ್ಲಿಷು ಸಮ್ಮೇಳನ ಗೆದ್ದದ್ದು

ಪ್ರಯೋಗ ಮಾಡಿದ್ದು ಅವಳು, ಪ್ರಬಂಧ ಬರೆದದ್ದು ಅವಳು. ಸಮ್ಮೇಳನದಲ್ಲಿ ಓದುವ ಅವಕಾಶವನ್ನು ಮಾತ್ರ ಅವಳ ಗೈಡು ಇನ್ನೊಬ್ಬನಿಗೆ ಕೊಟ್ಟ. ಕಾರಣ, "ನಿನ್ನ ಇಂಗ್ಲಿಷ್ ಸಾಲದು." ಇದು ಕಳ್ಳತನ. ಇಂಥದ್ದು ನಮ್ಮೂರಲ್ಲಿ ವರ್ಷವಿಡೀ ನಡೆಯುತ್ತದೆ. ನಗುವ ಸರದಿ ನಮಗೆ ಸಿಗುವುದು ಅಪರೂಪ, ಈ ಸಲ ಸಿಕ್ಕಿತು.

ಹುಡುಗಿ ಶಿವಾಜಿನಗರದವಳು. ಅಪ್ಪನಿಗೆ ದುಪಟ್ಟಾಗಳಿಗೆ ಬಣ್ಣ ಹಾಕುವ ಅಂಗಡಿ. ಆ ಬಣ್ಣದ ಕೊಳೆನೀರನ್ನು ತೆಂಗಿನ ಚಿಪ್ಪಿನ ಇದ್ದಿಲಿನಿಂದ ತಿಳಿ ಮಾಡುವುದು ಅವಳ ಸಂಶೋಧನೆ. ಜಗಳ ತೆಗೆದ ಮೇಲೆ ಗೈಡು ಇಳಿದ: "ಸಮ್ಮೇಳನಕ್ಕೆ ಇನ್ನೂ ಹದಿನೈದು ದಿನ ಇದೆ. ಹಿಂದಿನ ದಿನ ವಿಭಾಗದವರ ಮುಂದೆ ಓದಿ ತೋರಿಸು. ತಡವರಿಸಿದ್ರೆ ಅವನೇ ಓದ್ತಾನೆ." ಅವಳು ಸೀದಾ ಹೊಸ ತಿಪ್ಪಸಂದ್ರಕ್ಕೆ, ನನ್ನ ಪುಕ್ಕಟೆ ಇಂಗ್ಲಿಷ್ ಕ್ಲಾಸಿಗೆ ಬಂದಳು.

ನನ್ನ ಪಠ್ಯಪುಸ್ತಕ

ನಾನು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಯೂನಿಯನ್ ಸೇರಿದ ಮೇಲೆ ಮ್ಯಾನೇಜ್‌ಮೆಂಟು ಚಾರ್ಜ್‌ಶೀಟು ಕೊಡುತ್ತಾ ಹೋಯಿತು, ನಾನು ನಿಘಂಟು ಹಿಡಿದು ಉತ್ತರ ಬರೆಯುತ್ತಾ ಹೋದೆ. ನನಗೆ ಇಂಗ್ಲಿಷ್ ಕಲಿಸಿದ್ದು ಮ್ಯಾನೇಜ್‌ಮೆಂಟೇ, ಅದೂ ಸಂಬಳ ಕೊಟ್ಟು! ಅದನ್ನೇ ಇವಳಿಗೆ ಕಲಿಸಿದೆ. ಐದು ದಿನವಾದ ಮೇಲೆ ಪರೀಕ್ಷೆ ಮಾಡಿದೆ.

"ವಾಟ್ ಈಸ್ ಯುವರ್ ಮೆಥಡ್?"

ಅವಳು ಎದ್ದು ನಿಂತಳು. "ಐ ಡಿನೈ ದ ಚಾರ್ಜ್ ಇನ್ ಫುಲ್, ಸರ್."

"ಅಯ್ಯೋ, ನಾನೇನು ಆರೋಪ ಹೊರಿಸಿದ್ನೇನಮ್ಮಾ? ಪ್ರಯೋಗ ಹೇಗೆ ಮಾಡ್ದೆ ಅಂತ ಕೇಳಿದ್ದು."

"ನೀವು ಕೇಳಿದ ದನಿ ಹಾಗಿತ್ತು, ಅಂಕಲ್."

ಅತ್ಯುತ್ತಮ ಪ್ರಶ್ನೆ

ನನ್ನ ಇಂಗ್ಲಿಷ್ ಒರಟು ಎಂದು ಗೆಳತಿಯೊಬ್ಬಳು ಅವಳನ್ನು ಇಂದಿರಾನಗರದ ಒಂದು ಸಂವಹನ ತರಬೇತಿಗೆ ಎಳೆದುಕೊಂಡು ಹೋದಳು. ಟೈ ಕಟ್ಟಿದ ತರಬೇತುದಾರ ಹೇಳಿಕೊಟ್ಟನಂತೆ: ಯಾರು ಏನೇ ಕೇಳಲಿ, ಮೊದಲು "ಥ್ಯಾಂಕ್ ಯೂ ಫಾರ್ ದಟ್ ಎಕ್ಸಲೆಂಟ್ ಕ್ವೆಶ್ಚನ್" ಅನ್ನಬೇಕು, ಅಷ್ಟರಲ್ಲಿ ಉತ್ತರ ಹೊಳೆಯುತ್ತದೆ. ಇಡೀ ಬೆಳಿಗ್ಗೆ ಅದೇ ಅಭ್ಯಾಸ. ಟೀ ತಂದ ಆಯಾ ಬಾಗಿಲಲ್ಲಿ ನಿಂತು, "ಸಕ್ಕರೆ ಬೇಡ ಅನ್ನೋರು ಎಷ್ಟು ಜನ?" ಎಂದಳು.

ಇಪ್ಪತ್ತು ಜನ ಒಂದೇ ಕೊರಳಲ್ಲಿ ಥ್ಯಾಂಕ್ಸ್ ಹೇಳಿದರು. ಸಕ್ಕರೆ ಯಾರಿಗೆ ಬೇಡ ಎಂಬುದು ಮಾತ್ರ ಕೊನೆವರೆಗೂ ಹೊಳೆಯಲಿಲ್ಲ.

ಬಿಸಿಲಿಗೆ ಬನ್ನಿ

"ಆ ಟೈ ಬಿಡು, ಅಪ್ಪನ ಅಂಗಡಿ ಮುಂದೆ ನಿಂತು ಓದು" ಎಂದೆ. ಓದುತ್ತಿದ್ದಾಗ ರಿಚರ್ಡ್ಸ್ ಟೌನಿನ ಗಿರಾಕಿಯೊಬ್ಬರು ದುಪಟ್ಟಾ ಬೀಸುತ್ತಾ ಬಂದರು. ಇದು ತಾನು ಹೇಳಿದ ಬಣ್ಣವೇ ಅಲ್ಲ ಎಂದು ಇಂಗ್ಲಿಷಿನಲ್ಲಿ ಕೂಗಾಟ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಮೇಡಂ, ಟ್ಯೂಬ್‌ಲೈಟಲ್ಲಿ ನೋಡ್ಬೇಡಿ, ಬಿಸಿಲಿಗೆ ಬನ್ನಿ. ಈಗ ಹೇಳಿ, ಏನ್ ಮಾಡ್ಬೇಕು?" ಎಂದ. ಆಕೆ ಬಿಸಿಲಲ್ಲಿ ನೋಡಿ, ಬಟ್ಟೆ ಮಡಿಸಿಕೊಂಡು ಹೋದರು.

"ನೋಡಿದ್ಯಾ ಬೇಟಿ? ಕೂಗೋವಾಗ ಸುಮ್ನಿರು. ಆಮೇಲೆ ಏನ್ ಬೇಕು ಅಂತ ಕೇಳು. ಅರ್ಧ ಜನಕ್ಕೆ ಅದೇ ಗೊತ್ತಿರಲ್ಲ."

"ಇನ್ನರ್ಧ ಜನ, ಅಬ್ಬಾ?"

"ಅವ್ರ ಬಟ್ಟೆಗೆ ಮತ್ತೆ ಬಣ್ಣ ಹಾಕ್ಬೇಕು. ತಪ್ಪು ನಮ್ದೇ ಇರುತ್ತೆ."

ಪ್ರಶ್ನೆ ಏನು?

ವಿಭಾಗದ ಮುಂದೆ ಅವಳು ಒಂದು ಕಡೆಯೂ ತಡವರಿಸಲಿಲ್ಲ. ಅವಳೇ ಓದಲಿ ಎಂದು ಗೈಡು ಸಹಿ ಹಾಕಿದ.

ಸಮ್ಮೇಳನದ ದಿನ ಅವಳ ಅಪ್ಪನೂ ನಾನೂ ಕೊನೆಯ ಸಾಲಿನಲ್ಲಿ ಕೂತೆವು. ಅವಳು ಓದಿ ಮುಗಿಸಿದ್ದೇ ಹಿರಿಯ ಪ್ರೊಫೆಸರೊಬ್ಬ ಮೈಕು ಹಿಡಿದ. ತಾನು ಹೋದ ದೇಶಗಳು, ತನಗೆ ಬಂದ ಶಾಲುಗಳು, ಎಲ್ಲ ಹೇಳಿದ. ಕೊನೆಗೆ, ಈ ಕೆಲಸದಲ್ಲಿ ಹೊಸದೇನೂ ಇಲ್ಲ, ನೀರು ಅಷ್ಟು ತಿಳಿಯಾಗಲು ಸಾಧ್ಯವೇ ಇಲ್ಲ ಎಂದ.

ಅವಳು ಅಲ್ಲಿಯವರೆಗೂ ಸುಮ್ಮನಿದ್ದಳು. ಆಮೇಲೆ, "ಐ ಡಿನೈ ದ ಚಾರ್ಜ್ ಇನ್ ಫುಲ್, ಸರ್" ಎಂದಳು. ಅವಳು ಎರಡು ಬಾಟಲಿ ಹಿಡಿದು ಕಿಟಕಿಯ ಬಿಸಿಲಿಗೆ ನಡೆದಳು. ಒಂದರಲ್ಲಿ ಅಪ್ಪನ ಅಂಗಡಿಯ ಕಡುನೀಲಿ ನೀರು, ಇನ್ನೊಂದರಲ್ಲಿ ಅದೇ ನೀರು, ಗಾಜಿನಷ್ಟು ತಿಳಿ.

"ನೌ, ವಾಟ್ ಈಸ್ ಯುವರ್ ಕ್ವೆಶ್ಚನ್, ಸರ್?"

ಪ್ರೊಫೆಸರ್ ಬಾಟಲಿ ನೋಡಿದ, ಮೈಕು ನೋಡಿದ, ಸೂರು ನೋಡಿದ. ಅವನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ಕೊನೆಗೆ ಗಡಿಯಾರ ಕಣ್ಣಿಗೆ ಬಿತ್ತು. "ವೆನ್ ಈಸ್ ಲಂಚ್?" ಎಂದ.

"ಥ್ಯಾಂಕ್ ಯೂ ಫಾರ್ ದಟ್ ಎಕ್ಸಲೆಂಟ್ ಕ್ವೆಶ್ಚನ್!"

ಇಡೀ ಸಭೆ ನಗುತ್ತಾ ಚಪ್ಪಾಳೆ ತಟ್ಟಿತು. ಅಪ್ಪ ನನ್ನ ಪಕ್ಕೆ ತಿವಿದ: "ಏನಾಯ್ತು ಸಾಬ್?"

"ಗಿರಾಕಿ ಬಟ್ಟೆ ಮಡಿಸಿಕೊಂಡು ಹೋದ್ರು."

ನಿಮ್ಮ ಓಣಿಯಲ್ಲೂ ಇಂಥ ಹುಡುಗಿ ಇದ್ದಾಳೆ. ನಿನ್ನ ಪ್ರಬಂಧ ಓದುವವರು ಯಾರು ಎಂದು ನಾಳೆಯೇ ಹೋಗಿ ಕೇಳಿ. ಇನ್ನೊಬ್ಬ ಓದುತ್ತಾನೆ ಎಂದರೆ ಅವಳ ಜೊತೆ ಆ ಗೈಡಿನ ಕೋಣೆಗೆ ನಡೆಯಿರಿ. ಮೈಕು ಅವಳ ಕೈಗೆ ಬರುವವರೆಗೂ ಅಲ್ಲಿಂದ ಕದಲಬೇಡಿ.