ಕೊನೆಯ ಬೆಂಚಿನ ಸೋದರಮಾವ

ನಿಟ್ಟೆಯ ಬಸ್ಸು ಆ ಭಾನುವಾರ ಸಂಜೆ ಐದು ನಿಮಿಷ ತಡವಾಗಿ ಹೊರಟಿದ್ದರೆ ಸ್ಟ್ಯಾನಿಸ್ಲಾಸನ ಮಾನ ಉಳಿಯುತ್ತಿತ್ತು.

ರೋಮಿನಲ್ಲಿ ಕೆಥೋಲಿಕ್ ಧರ್ಮಗುರುಗಳ ಮಹಾಸಭೆ ಮುಗಿದ ಮರುವರ್ಷ ಅದು. ಅಲ್ಲಿಯವರೆಗೆ ಬೈಬಲನ್ನು ಪಾದ್ರಿಗಳಿಗೆ ಬಿಟ್ಟು, ಜಪಸರ ಹಿಡಿದು ಸುಖವಾಗಿದ್ದ ಕಾರ್ಕಳದ ಕಡೆಯ ಜನರಿಗೆ ಇಗರ್ಜಿಯ ಹೊಸ ಪಾದ್ರಿ ವಿಗಾರರು ಬೈಬಲ್ ತರಗತಿ ಶುರುಮಾಡಿದ್ದರು. ಅವರ ನಿಯಮ ಎರಡೇ. ಒಂದು ವಾಕ್ಯ ಓದಿದರೆ ಅದರ ಹಿಂದುಮುಂದು ನೋಡಬೇಕು. ಓದಿದ್ದನ್ನು ನಡೆದು ತೋರಿಸಬೇಕು. ಆ ದಿನದ ಪಾಠ ಔತಣದ್ದು. ಕರೆದಲ್ಲಿಗೆ ಹೋದಾಗ ಮೊದಲ ಜಾಗಕ್ಕೆ ನುಗ್ಗಬೇಡಿ, ಕೊನೆಯಲ್ಲಿ ಕುಳಿತುಕೊಳ್ಳಿ, ಆಗ ಯಜಮಾನನೇ ಬಂದು ಎಲ್ಲರೆದುರು ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತಾನೆ ಎಂದು ಅವರು ವಿವರಿಸುತ್ತಿದ್ದಂತೆ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಸ್ಟ್ಯಾನಿಸ್ಲಾಸ್ ಎದ್ದು ಓಡಿದ. ಅವನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು.

ಬುಧವಾರ ಅವನ ತಂಗಿ ಗ್ಲ್ಯಾಡಿಸಳ ಮಗಳ ಮದುವೆ. ಸೋದರಮಾವನಾಗಿ, ವಧೂವರರಿಗೆ ಶುಭ ಕೋರುವ ಟೋಸ್ಟಿನ ಭಾಷಣ ತಾನೇ ಮಾಡಬೇಕೆಂಬುದು ಅವನ ಜೀವಮಾನದ ಆಸೆ. ನಾಲ್ಕು ಹಾಳೆ ಬರೆದಿಟ್ಟಿದ್ದ. ದಿನಕ್ಕೆರಡು ಸಲ ಕೇಳಿ ಕೇಳಿ ಹೆಂಡತಿ ಝೀಟಾಳಿಗೇ ಅದು ಬಾಯಿಪಾಠವಾಗಿತ್ತು. ಆದರೆ ತಂಗಿಯ ಗಂಡ ಬ್ಯಾಪ್ಟಿಸ್ಟ್ ಇನ್ನೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ತಾನಾಗಿ ಕೇಳುವುದು ಮರ್ಯಾದೆಯಲ್ಲ. ಬ್ಯಾಪ್ಟಿಸ್ಟನೂ ತರಗತಿಯಲ್ಲಿ ಮೊದಲ ಬೆಂಚಿನಲ್ಲೇ ಇದ್ದುದರಿಂದ ಯಜಮಾನ ಮಾಡಬೇಕಾದ್ದು ಅವನಿಗೆ ಗೊತ್ತೇ ಇರುತ್ತದೆ. ಇನ್ನು ಕೊನೆಯಲ್ಲಿ ಕೂರುವುದೊಂದೇ ಬಾಕಿ.

ಬುಧವಾರ ಇಗರ್ಜಿಯ ವಿಧಿ ಮುಗಿದು ಎಲ್ಲರೂ ಚಪ್ಪರಕ್ಕೆ ಬಂದಾಗ, ಉಣ್ಣೆಯ ಕೋಟು ತೊಟ್ಟ ಸ್ಟ್ಯಾನಿಸ್ಲಾಸ್ ಮುಂದಿನ ಕುರ್ಚಿಗಳನ್ನು ದಾಟಿ, ಕಟ್ಟಕಡೆಯ ಬೆಂಚಿನ ತುದಿಯಲ್ಲಿ ಕುಳಿತು ವಿನಯದಿಂದ ಮುಗುಳ್ನಕ್ಕ.

ಆ ನಗುವೇ ಅನರ್ಥಕ್ಕೆ ಕಾರಣವಾಯಿತು. ನೆರೆಮನೆಯ ಪ್ಯಾಟ್ರಿಶಿಯಾ ಬಾಯಿ ಅದನ್ನು ಕಂಡವಳೇ ಹತ್ತಿರ ಬಂದು ಕುಳಿತಳು.

"ತಂಗಿಯ ಮೇಲೆ ಕೋಪ ಉಂಟಾ?"

ಇಲ್ಲವೆಂದು ಅವನು ಇನ್ನಷ್ಟು ವಿನಯದಿಂದ ನಕ್ಕ. ಕೋಪ ಬಹಳ ಜೋರುಂಟು ಎಂದು ಅವಳಿಗೆ ಖಾತ್ರಿಯಾಯಿತು. ಹತ್ತೇ ನಿಮಿಷದಲ್ಲಿ ಸೋದರಮಾವ ಮುನಿಸಿಕೊಂಡ ಸುದ್ದಿ ಚಪ್ಪರ ಸುತ್ತಿತು. ಕರಿಮಣಿ ಸರ ತೂಕವಿಲ್ಲದೆ ಸಪೂರವಾಯಿತಂತೆ ಎಂದು ಒಬ್ಬರು, ವರ ಕುಳ್ಳನೆಂದು ಇನ್ನೊಬ್ಬರು ಕಾರಣವನ್ನೂ ಒದಗಿಸಿದರು. ಸಮಾಧಾನ ಮಾಡಲು ವರನ ಚಿಕ್ಕಪ್ಪ ಬಂದ, ದೊಡ್ಡಪ್ಪ ಬಂದ. ಮುಂದೆ ಬನ್ನಿ ಎಂದು ಒಬ್ಬ ಕೋಟಿನ ತೋಳನ್ನೇ ಹಿಡಿದೆಳೆದ. ಕರೆಯಬೇಕಾದವನು ಯಜಮಾನ, ಚಿಕ್ಕಪ್ಪಂದಿರ ಮಾತನ್ನು ಬೈಬಲ್ ಎತ್ತಿಲ್ಲ. ಸ್ಟ್ಯಾನಿಸ್ಲಾಸ್ ಬೆಂಚನ್ನು ಗಟ್ಟಿಯಾಗಿ ಹಿಡಿದು ಕುಳಿತ.

ಬ್ಯಾಪ್ಟಿಸ್ಟ್ ಮಾತ್ರ ಇತ್ತ ತಲೆ ಹಾಕಲಿಲ್ಲ. ಇದಕ್ಕಿಂತಲೂ ಕೊನೆಯ ಜಾಗ ಇರಬಹುದೇ ಎಂದು ನೋಡಿದಾಗ ಅಡುಗೆಯ ಒಲೆಗಳ ಪಕ್ಕ ಒಂದು ಮಣೆ ಕಂಡಿತು. ಹೋಗಿ ಕುಳಿತ. ಅದು ತೆಂಗಿನಕಾಯಿ ತುರಿಯುವ ಮಣೆಯೆಂದು ತಿಳಿಯುವಷ್ಟರಲ್ಲಿ ಅಡುಗೆಯ ವಿಲ್ಫ್ರೆಡ್ ಮುಖವನ್ನೂ ನೋಡದೆ, ತಡ ಮಾಡಿದ್ದಕ್ಕೆ ಬೈದು, ಒಡೆದ ಕಾಯಿಯ ಇಪ್ಪತ್ತು ಕಡಿ ಮುಂದಿಟ್ಟ. ವಿನಯವೆಂದ ಮೇಲೆ ಪೂರ್ತಿ ಇರಲಿ ಎಂದು ಸ್ಟ್ಯಾನಿಸ್ಲಾಸ್ ತುರಿಯತೊಡಗಿದ. ಬೆವರು ಕೋಟಿನ ಜೇಬಿನಲ್ಲಿದ್ದ ಭಾಷಣದ ಹಾಳೆಗಳ ತನಕ ಇಳಿಯಿತು. ದೂರದಿಂದ ಕಂಡ ಝೀಟಾ ತನಗೆ ಗಂಡನೇ ಇಲ್ಲದವಳಂತೆ ಆಚೆ ತಿರುಗಿದಳು.

ಹನ್ನೆರಡನೆಯ ಕಡಿ ಮುಗಿಯುವಾಗ ಬ್ಯಾಪ್ಟಿಸ್ಟ್ ಜನರನ್ನು ಸರಿಸುತ್ತ ನೇರ ಇತ್ತಲೇ ಬರುವುದು ಕಂಡಿತು. ಸ್ಟ್ಯಾನಿಸ್ಲಾಸನ ಕಣ್ಣು ತುಂಬಿ ಬಂತು. ಎದ್ದು, ತುರಿ ಕೊಡವಿ, ಹಾಳೆ ಹೊರತೆಗೆದ.

ಬ್ಯಾಪ್ಟಿಸ್ಟ್ ಅವನನ್ನು ದಾಟಿ, ಹಲಸಿನ ಮರದ ಕೆಳಗೆ ಊಟಕ್ಕೆ ಕಾದು ಕುಳಿತಿದ್ದ ಅಂಗಾರನ ಕೈ ಹಿಡಿದೆಬ್ಬಿಸಿದ. ಊರವರಿಗೆ ಕಾಯಿ ಕೊಯ್ದು ಕೊಡುತ್ತಿದ್ದು, ಹೋದ ವರ್ಷ ತೆಂಗಿನಮರದಿಂದ ಬಿದ್ದು ಕಾಲು ಕುಂಟಾದವನು ಈ ಅಂಗಾರ.

"ಬ್ಯಾಪ್ಟಿಸ್ಟಾ, ನಾನು ಇಲ್ಲಿದ್ದೇನೆ ಮಾರಾಯ," ಎಂದ ಸ್ಟ್ಯಾನಿಸ್ಲಾಸ್. ಇದು ಮಾತ್ರ ಬೈಬಲಿನಲ್ಲಿರಲಿಲ್ಲ.

"ನೋಡಿದೆ ಭಾವ. ನೀವು ಆವತ್ತು ಬಸ್ಸಿಗೆ ಓಡಿದಿರಿ, ಮುಂದಿನ ವಾಕ್ಯ ಎಂತದ್ದು ಗೊತ್ತುಂಟಾ? ಔತಣ ಕೊಡುವವ ನೆಂಟರನ್ನು ಕರೆಯಲೇಬಾರದಂತೆ. ಬಡವರನ್ನು, ಕುಂಟರನ್ನು ಕರೆಯಬೇಕಂತೆ. ನಿಮಗೆಲ್ಲ ಮೊದಲೇ ಕರೆ ಹೇಳಿಯಾಗಿತ್ತಲ್ಲ, ಎಂತ ಮಾಡುವುದು? ಟೋಸ್ಟಾದರೂ ಅಂಗಾರನಿಂದ ಆಗಲಿ."

ಅಂಗಾರ ಹೆದರಿದ. ತನಗೆ ಹೇಳಲು ಏನೂ ಬಾರದೆಂದ. ಬ್ಯಾಪ್ಟಿಸ್ಟನ ಕಣ್ಣು ಹಾಳೆಗಳ ಮೇಲೆ ಬಿತ್ತು.

ಆಮೇಲೆ ಜನ ಕಂಡದ್ದು ಇಷ್ಟು: ವಧೂವರರ ಪಕ್ಕದ ಕುರ್ಚಿಯಲ್ಲಿ ಅಂಗಾರ, ಅದರ ಹಿಂದೆ ಮೊಣಕಾಲೂರಿದ ಸ್ಟ್ಯಾನಿಸ್ಲಾಸ್. ಅವನು ಬೆವರಿಗೆ ಕದಡಿದ ಶಾಯಿಯನ್ನು ಹೇಗೋ ಓದಿ, ಕೊಂಕಣಿಯಿಂದ ಅಂಗಾರನ ತುಳುವಿಗೆ ತಿರುಗಿಸಿ ಪಿಸುಗುಡುತ್ತಿದ್ದ. ಅಂಗಾರ ಮರದ ತುದಿಯಿಂದ ಕೂಗಿ ಪಳಗಿದ ಗಂಟಲಲ್ಲಿ ಅದನ್ನು ಚಪ್ಪರಕ್ಕೆಲ್ಲ ಕೇಳಿಸುತ್ತಿದ್ದ. ಹೆಂಗಸರು ಅತ್ತರು. ಚಪ್ಪಾಳೆ ನಿಲ್ಲಲೇ ಇಲ್ಲ. ಅಂಗಾರನಿಗೆ ಇಂಥ ಬುದ್ಧಿ ಎಲ್ಲಿತ್ತೆಂದು ಪ್ಯಾಟ್ರಿಶಿಯಾ ಬಾಯಿ ಬೆರಗಾದಳು.

ಕೊನೆಗೆ ವಿಗಾರರು ಎದ್ದರು. ಭಾಷಣ ಯಾರದೆಂಬ ನಿಜವನ್ನು ಇವರಾದರೂ ಹೇಳಲಿ ಎಂದು ಸ್ಟ್ಯಾನಿಸ್ಲಾಸ್ ಆಸೆಯಿಂದ ತಲೆಯೆತ್ತಿದ. ತರಗತಿಗೆ ಇಷ್ಟು ಜನ ಬಂದರೂ ಪಾಠವನ್ನು ನಡೆದು ತೋರಿಸಿದವನು ಇವನೊಬ್ಬನೇ, ಕೊನೆಯ ಜಾಗವನ್ನು ಇಷ್ಟು ಪ್ರೀತಿಸುವವನನ್ನು ತಾವು ಕಂಡಿಲ್ಲ ಎಂದು ಅವರು ಎಲ್ಲರೆದುರು ಅವನ ಬೆನ್ನು ತಟ್ಟಿದರು.

ಅಂದಿನಿಂದ ಆ ಸುತ್ತಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸ್ಟ್ಯಾನಿಸ್ಲಾಸನ ಇಷ್ಟಕ್ಕೆ ಚ್ಯುತಿ ಬಾರದಂತೆ ಒಲೆಯ ಪಕ್ಕದ ಜಾಗವನ್ನು ಅವನಿಗಾಗಿಯೇ ಕಾದಿರಿಸುತ್ತಾರೆ. ಮುಂದಿನ ಸಾಲಿನವರಿಗೆಲ್ಲ ಬಡಿಸಿ ಹಂದಿಮಾಂಸದ ಪಾತ್ರೆ ಅಲ್ಲಿಗೆ ತಲುಪುವಾಗ ಬರೇ ಸಾರು ಇರುತ್ತದೆ.